ದೋಸ್ತಿ ಹಾದುಹೋದ ದಾರಿ

ಮೈಸೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿ ಕೆ.ಆರ್. ನಗರ ದಾಟಿ, ಗದ್ದೆ ತೆಂಗುಗಳ ನಡುವೆ ಸಾಗಿ ಭೇರ್ಯಕ್ಕೆ ಬರುತ್ತದೆ. ಬೆಳಗಿನ ಆರೂವರೆಗೆ ಊರಿಗೆ ಊರೇ ರಸ್ತೆಗೆ ಬಂದಿರುತ್ತದೆ. ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟವರು, ಹಾಲು ಹಾಕಿ ಖಾಲಿ ಕ್ಯಾನನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ವಾಪಸಾಗುವವರು, ಕಾಲೇಜಿಗೆ ಬಸ್ಸು ಕಾಯುವ ಹುಡುಗಿಯರು, ನಾಟಿಗೆ ಆಳು ಸಾಗಿಸುವ ಗೂಡ್ಸ್ ಆಟೊ. ಟೀ ಅಂಗಡಿಯ ಬೆಂಚಿನ ಮೇಲೆ ಒಂದೇ ಪತ್ರಿಕೆಯ ಹಾಳೆಗಳು ನಾಲ್ಕೈದು ಕೈಗಳಿಗೆ ಹಂಚಿಹೋಗಿವೆ. ಓದಿ ಮುಗಿಸಿದವರು ಹಾಳೆಯನ್ನು ಪಕ್ಕದವರಿಗೆ ದಾಟಿಸುವಾಗ ತಮ್ಮದೊಂದು ಮಾತು ಸೇರಿಸಿಯೇ ದಾಟಿಸುತ್ತಾರೆ. ಆ ಮಾತು ಬಹುಪಾಲು ರಾಜಕೀಯದ್ದು. ಮಳೆ, ಭತ್ತದ ರೇಟು, ನಾಲೆಗೆ ನೀರು ಯಾವತ್ತು ಎಂಬ ವಿಚಾರಗಳೂ ಎರಡು ತಿರುವು ಕಳೆಯುವಷ್ಟರಲ್ಲಿ ರಾಜಕೀಯಕ್ಕೇ ಬಂದು ನಿಲ್ಲುತ್ತವೆ.

ಈ ದಾರಿಯ ಎರಡು ತುದಿಗಳನ್ನು ನೋಡಬೇಕು. ಹಿಂದಕ್ಕೆ ಹೋದರೆ ಮೈಸೂರು. ಸಿದ್ದರಾಮನಹುಂಡಿಯ ಸಿದ್ದರಾಮಯ್ಯ ವಕೀಲಿಕೆ ಬಿಟ್ಟು ರಾಜಕೀಯಕ್ಕಿಳಿದು 1983ರಲ್ಲಿ ಚಾಮುಂಡೇಶ್ವರಿ ಕ್ಷೇತ್ರದಿಂದ ಮೊದಲ ಸಲ ವಿಧಾನಸಭೆಗೆ ಹೋದ ನೆಲ. ಮುಂದಕ್ಕೆ ಹೋದರೆ ಜಿಲ್ಲೆಯ ಗಡಿಯಾಚೆ ಹೊಳೆನರಸೀಪುರ; ಹರದನಹಳ್ಳಿಯ ಎಚ್.ಡಿ. ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಗೆದ್ದು ಬಂದ ನೆಲ. ಇವರಿಬ್ಬರೂ ಒಂದು ಕಾಲಕ್ಕೆ ಒಂದೇ ಮನೆಯವರು. 2004ರಲ್ಲಿ ಧರ್ಮಸಿಂಗ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಸಿದ್ದರಾಮಯ್ಯ ಉಪಮುಖ್ಯಮಂತ್ರಿಯಾಗಿದ್ದುದು ಜನತಾದಳದ ಪರವಾಗಿ. ಮರುವರ್ಷ ದಳ ಅವರನ್ನು ಹೊರಗೆ ಹಾಕಿತು. 2006ರ ಡಿಸೆಂಬರಿನಲ್ಲಿ ಚಾಮುಂಡೇಶ್ವರಿ ಉಪಚುನಾವಣೆಗೆ ಅವರು ಕಾಂಗ್ರೆಸ್ಸಿನಿಂದ ನಿಂತರು. ಎದುರಿಗೆ ದಳ ಮೈಯೆಲ್ಲ ಕೊಟ್ಟು ಹೋರಾಡಿತು. ಸಿದ್ದರಾಮಯ್ಯನವರ ಗೆಲುವಿನ ಅಂತರ ಬರೀ 257 ಮತ. ಅಂದಿನಿಂದ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಾಂಗ್ರೆಸ್ಸಿನ ‘ಕೈ’ ಎಂದರೆ ಒಂದು ಬೀದಿ, ದಳದ ‘ತೆನೆ’ ಎಂದರೆ ಇನ್ನೊಂದು ಬೀದಿ ಎನ್ನುವ ಹಾಗಾಯಿತು. ಕುರುಬರು, ಒಕ್ಕಲಿಗರು ಎಂಬ ಗೆರೆಯೂ ಅದರ ಮೇಲೆಯೇ ಬಿದ್ದು ಇನ್ನಷ್ಟು ದಪ್ಪವಾಯಿತು.

ಭೇರ್ಯ ಇರುವುದು ಈ ಎರಡು ತುದಿಗಳ ನಡುವೆ.

ಪಕ್ಷ ಇಲ್ಲಿ ಮನೆಯ ಜಗಲಿಯವರೆಗೂ ಬಂದು ಕೂತಿದೆ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ ಎಂದು ಕಾನೂನು ಹೇಳುತ್ತದೆ. ಆದರೆ ಆಟೊ ಗುರುತಿನವನು ಯಾರ ಕಡೆ, ತೆಂಗಿನಕಾಯಿ ಗುರುತಿನವಳು ಯಾರ ಕಡೆ ಎಂಬುದು ನಾಮಪತ್ರ ಸಲ್ಲಿಸುವ ಮೊದಲೇ ಮಕ್ಕಳಿಗೂ ಗೊತ್ತು. ಡೇರಿಯ ಅಧ್ಯಕ್ಷಗಿರಿ, ಸೊಸೈಟಿಯ ನಿರ್ದೇಶಕ ಸ್ಥಾನ, ಆಶ್ರಯ ಮನೆಯ ಪಟ್ಟಿ, ಜಾತ್ರೆಯಲ್ಲಿ ಮೊದಲ ಪೂಜೆ ಯಾರದ್ದು, ಎಲ್ಲದರ ಹಿಂದೆಯೂ ಎರಡು ಗುಂಪು. ಚುನಾವಣೆಯ ರಾತ್ರಿ ಕೈಕೈ ಮಿಲಾಯಿಸಿದ ಕೇಸಿಗೆ ವರ್ಷಗಟ್ಟಲೆ ಕೋರ್ಟು ಅಲೆಯುವವರು ಈ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಸಿಗುತ್ತಾರೆ. ವಾಯಿದೆಯ ದಿನ ಎರಡೂ ಕಡೆಯವರು ಒಂದೇ ಬಸ್ಸು ಹತ್ತುತ್ತಾರೆ, ಬೇರೆ ಬೇರೆ ಸೀಟಿನಲ್ಲಿ ಕೂರುತ್ತಾರೆ. ಪಕ್ಷಕ್ಕಾಗಿ ಅವರು ಕಳೆದುಕೊಂಡ ದುಡಿಮೆಯ ಲೆಕ್ಕ ಯಾವ ಪಕ್ಷದ ಕಚೇರಿಯಲ್ಲೂ ಬರೆದಿಟ್ಟಿಲ್ಲ. 2018ರಲ್ಲಿ ಈ ಎರಡು ಪಕ್ಷಗಳು ಮಾಡಿಕೊಂಡ ಮೈತ್ರಿಯ ಕಥೆ ಹೇಳುವವರು ಈ ಜನರಿಂದ ಶುರುಮಾಡಬೇಕು ಎಂಬುದು ನನ್ನ ನಂಬಿಕೆ.

2018ರ ಮೇ 12ರಂದು ವಿಧಾನಸಭೆಗೆ ಮತದಾನ ನಡೆಯಿತು. ಕೆ.ಆರ್. ನಗರದಲ್ಲಿ ದಳದ ಸಾ.ರಾ. ಮಹೇಶ್, ಕಾಂಗ್ರೆಸ್ಸಿನ ಡಿ. ರವಿಶಂಕರ್. ಹಿಂದಿನ ಎರಡು ಚುನಾವಣೆ ಗೆದ್ದಿದ್ದ ಮಹೇಶ್ ಮೂರನೆಯ ಸಲವೂ ಗೆದ್ದರು, ಆದರೆ ಎರಡು ಸಾವಿರಕ್ಕೂ ಕಡಿಮೆ ಅಂತರದಲ್ಲಿ. ಅಷ್ಟು ಸಣ್ಣ ಅಂತರ ಎಂದರೆ ಪ್ರತಿ ಬೂತಿನಲ್ಲೂ ಎಷ್ಟು ತಿಕ್ಕಾಟ ನಡೆದಿರಬೇಕು ಎಂದು ಊಹಿಸಿಕೊಳ್ಳಿ. ಇತ್ತ ಚಾಮುಂಡೇಶ್ವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನೇ ದಳದ ಜಿ.ಟಿ. ದೇವೇಗೌಡ 36,042 ಮತಗಳಿಂದ ಸೋಲಿಸಿದರು. ಬಾದಾಮಿಯಲ್ಲಿ 1,696 ಮತಗಳಿಂದ ಗೆದ್ದಿರದಿದ್ದರೆ ಸಿದ್ದರಾಮಯ್ಯ ಆ ಸದನಕ್ಕೇ ಹೋಗುತ್ತಿರಲಿಲ್ಲ.

ಎಣಿಕೆಯ ದಿನ, ಮೇ 15ರ ಮಧ್ಯಾಹ್ನದ ಹೊತ್ತಿಗೆ ಟೀವಿಯಲ್ಲಿ ಬೇರೆಯೇ ಸುದ್ದಿ ಶುರುವಾಯಿತು. ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ದಳಕ್ಕೆ 37. ಯಾರಿಗೂ ಬಹುಮತವಿಲ್ಲ. ದಳದ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಲಿ, ನಮ್ಮ ಬೆಂಬಲವಿದೆ ಎಂದು ಕಾಂಗ್ರೆಸ್ ಹೇಳಿತು. ಹಳ್ಳಿಯಲ್ಲಿ ಆ ಮಧ್ಯಾಹ್ನ ಹೇಗಿತ್ತು ಎಂಬುದನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಗೆದ್ದ ದಳದ ಹುಡುಗರು ಸೋತ ಕಾಂಗ್ರೆಸ್ಸಿನವರ ಮನೆಯ ಮುಂದೆ ಪಟಾಕಿ ಹಚ್ಚಿ, ತಮಟೆ ಹೊಡೆಸಿ, ಬಣ್ಣ ಎರಚಿ ಒಂದೆರಡು ತಾಸೂ ಆಗಿಲ್ಲ. ಹಚ್ಚಿದ ಪಟಾಕಿಯ ಕಾಗದ ಇನ್ನೂ ಬೀದಿಯಲ್ಲಿ ಬಿದ್ದಿದೆ. ಅಷ್ಟರಲ್ಲಿ ಇಬ್ಬರೂ ಒಂದೇ ಸರ್ಕಾರದವರಾಗಿಬಿಟ್ಟರು.

“ಅಲ್ಲ ಕಣಣ್ಣ, ಈಗ ನಾವೇನ್ ಮಾಡ್ಬೇಕು? ಅವ್ರ ಮನೇಗ್ ಹೋಗಿ ಕಾಫಿ ಕುಡೀಬೇಕಾ?”

ಆ ದಿನ ಟೀ ಅಂಗಡಿಗಳಲ್ಲಿ ಇಂಥ ಪ್ರಶ್ನೆ ಕೇಳದವರಿಲ್ಲ. ಉತ್ತರ ಕೊಡಬೇಕಾದವರೆಲ್ಲ ಬೆಂಗಳೂರಿನಲ್ಲಿದ್ದರು. ಬಿಜೆಪಿಯ ಬಿ.ಎಸ್. ಯಡಿಯೂರಪ್ಪ ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡಿ 19ರಂದು ರಾಜೀನಾಮೆ ಕೊಟ್ಟರು. ಮೇ 23ರಂದು ವಿಧಾನಸೌಧದ ಮುಂದೆ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಜಿ. ಪರಮೇಶ್ವರ ಉಪಮುಖ್ಯಮಂತ್ರಿಯಾಗಿ ಪ್ರಮಾಣ ಸ್ವೀಕರಿಸಿದರು. ಸೋನಿಯಾ, ರಾಹುಲ್, ಮಮತಾ, ಮಾಯಾವತಿ, ಚಂದ್ರಬಾಬು ನಾಯ್ಡು, ಅಖಿಲೇಶ್ ಸಾಲಾಗಿ ನಿಂತು ಕೈ ಎತ್ತಿದ ಆ ಚಿತ್ರ ಮರುದಿನ ದೇಶದ ಎಲ್ಲ ಪತ್ರಿಕೆಗಳಲ್ಲೂ ಬಂತು. ಮಹೇಶ್ ಪ್ರವಾಸೋದ್ಯಮ ಸಚಿವರಾದರು. ಸಿದ್ದರಾಮಯ್ಯನವರನ್ನು ಸೋಲಿಸಿದ ಜಿ.ಟಿ. ದೇವೇಗೌಡ ಉನ್ನತ ಶಿಕ್ಷಣ ಸಚಿವರಾದರು. ಸೋತ ಸಿದ್ದರಾಮಯ್ಯ ಎರಡೂ ಪಕ್ಷಗಳ ಸಮನ್ವಯ ಸಮಿತಿಯ ಅಧ್ಯಕ್ಷರಾದರು. ವಿಧಾನಸೌಧದಲ್ಲಿ ಎಲ್ಲರಿಗೂ ಒಂದೊಂದು ಕುರ್ಚಿ ಸಿಕ್ಕಿತು. ಹಳ್ಳಿಯ ಬೆಂಚಿಗೆ ಸಮನ್ವಯ ಸಮಿತಿ ಬರಲಿಲ್ಲ.

ಹಗೆಯವರು ಕೂತು ಅಧಿಕಾರ ಹಂಚಿಕೊಳ್ಳುವ ಕೆಲಸ ತೀರಾ ಹಳೆಯದು. ರೋಮಿನಲ್ಲಿ ಅದು ನಡೆದ ರೀತಿ ನೋಡಿದರೆ ನಮ್ಮ ಟೀ ಅಂಗಡಿಯ ಪ್ರಶ್ನೆಗೆ ಇನ್ನೊಂದು ಮುಖ ಕಾಣುತ್ತದೆ.

ಕ್ರಿ.ಪೂ. 60ರ ಹೊತ್ತಿಗೆ ಅಲ್ಲಿ ಮೂವರು ದೊಡ್ಡವರಿದ್ದರು. ಪೂರ್ವದ ರಾಜ್ಯಗಳನ್ನು ಗೆದ್ದು ಬಂದಿದ್ದ ಸೇನಾಪತಿ ಪಾಂಪೆ, ರೋಮಿನ ಮಹಾ ಶ್ರೀಮಂತ ಕ್ರಾಸಸ್, ಇವರಿಬ್ಬರಿಗಿಂತ ಚಿಕ್ಕವನಾದ ಜೂಲಿಯಸ್ ಸೀಸರ್. ಪಾಂಪೆಗೂ ಕ್ರಾಸಸ್ಸಿಗೂ ಹಳೆಯ ಜಿದ್ದು. ಆದರೆ ಮೂವರಿಗೂ ಒಂದೊಂದು ಗರಜಿತ್ತು, ಮೂರಕ್ಕೂ ಸೆನೆಟ್ಟೇ ಅಡ್ಡವಾಗಿತ್ತು. ತನ್ನ ನಿವೃತ್ತ ಸೈನಿಕರಿಗೆ ಪಾಂಪೆ ಜಮೀನು ಕೊಡಿಸಬೇಕಿತ್ತು. ಏಷ್ಯಾ ಪ್ರಾಂತ್ಯದ ಕಂದಾಯ ಗುತ್ತಿಗೆ ಹಿಡಿದು ಕೈಸುಟ್ಟುಕೊಂಡವರಿಗೆ ಕ್ರಾಸಸ್ ರಿಯಾಯಿತಿ ಕೊಡಿಸಬೇಕಿತ್ತು. ಸೀಸರಿಗೆ ಬೇಕಿದ್ದುದು ಕಾನ್ಸಲ್ ಪದವಿ, ಆಮೇಲೆ ಒಂದು ದೊಡ್ಡ ಪ್ರಾಂತ್ಯ. ಮೂವರೂ ಗುಟ್ಟಾಗಿ ಕೈ ಸೇರಿಸಿದರು. ಸೀಸರ್ ತನ್ನ ಮಗಳು ಜೂಲಿಯಾಳನ್ನು ಪಾಂಪೆಗೆ ಕೊಟ್ಟು ಮದುವೆ ಮಾಡಿದ. ಕ್ರಿ.ಪೂ. 54ರಲ್ಲಿ ಜೂಲಿಯಾ ಹೆರಿಗೆಯಲ್ಲಿ ತೀರಿಕೊಂಡಳು. ಮರುವರ್ಷ ಕ್ರಾಸಸ್ ಪಾರ್ಥಿಯನ್ನರ ಮೇಲೆ ದಂಡೆತ್ತಿ ಹೋಗಿ ಸತ್ತ. ಉಳಿದ ಇಬ್ಬರ ನಡುವೆ ಕ್ರಿ.ಪೂ. 49ರಲ್ಲಿ ಅಂತರ್ಯುದ್ಧ.

ಎರಡನೆಯ ಮೂವರ ಕೂಟದ ದೃಶ್ಯ ಇನ್ನೂ ಗಾಢವಾದುದು. ಕ್ರಿ.ಪೂ. 43ರ ನವೆಂಬರ್. ಸೀಸರನ ಕೊಲೆಯಾಗಿ ಒಂದೂವರೆ ವರ್ಷ ಕಳೆದಿದೆ. ಇಂದಿನ ಬೊಲೊನ್ಯಾ ಪಟ್ಟಣದ ಹತ್ತಿರ, ಒಂದು ಹೊಳೆಯ ನಡುವಿನ ಸಣ್ಣ ನಡುಗಡ್ಡೆ. ಹೊಳೆಯ ಒಂದು ದಡದಲ್ಲಿ ಸೀಸರನ ಸೇನಾಪತಿಯಾಗಿದ್ದ ಆಂಟನಿಯ ಸೇನೆ, ಇನ್ನೊಂದು ದಡದಲ್ಲಿ ಸೀಸರನ ದತ್ತುಮಗ, ಇಪ್ಪತ್ತರ ಹರೆಯದ ಆಕ್ಟೇವಿಯನ್ನನ ಸೇನೆ. ಕೆಲವೇ ತಿಂಗಳ ಹಿಂದೆ ಇವರಿಬ್ಬರೂ ಎದುರಾಳಿಗಳಾಗಿ ರಕ್ತ ಹರಿಸಿದವರು. ಮೊದಲು ಕೂಟದ ಮೂರನೆಯವನಾದ ಲೆಪಿಡಸ್ ನಡುಗಡ್ಡೆಗೆ ಹೋಗಿ, ಯಾರೂ ಅಡಗಿಲ್ಲವೆಂದು ಹುಡುಕಿ ನೋಡಿ, ತನ್ನ ಮೇಲುವಸ್ತ್ರ ಬೀಸಿ ಸನ್ನೆ ಮಾಡಿದ. ಆಮೇಲೆ ಉಳಿದಿಬ್ಬರು ಸೇತುವೆ ದಾಟಿ ಬಂದರು. ಎರಡೂ ದಡಗಳಿಗೆ ಕಾಣುವ ಹಾಗೆ ಬಯಲಿನಲ್ಲೇ ಕೂತು ಮೂವರೂ ರಾಜ್ಯ ಹಂಚಿಕೊಂಡರು. ಯಾರು ಯಾರನ್ನು ಕೊಲ್ಲಿಸಬೇಕು ಎಂಬ ಪಟ್ಟಿಯನ್ನೂ ಮಾಡಿದರು. ಆಂಟನಿ ತನ್ನ ಸೋದರಮಾವನ ಹೆಸರು ಸೇರಿಸಲು ಒಪ್ಪಿದ. ಲೆಪಿಡಸ್ ತನ್ನ ಅಣ್ಣನದು. ತನ್ನ ಬೆನ್ನಿಗೆ ನಿಂತಿದ್ದ ಮಹಾ ವಾಗ್ಮಿ ಸಿಸೆರೊನ ಹೆಸರನ್ನು ಆಕ್ಟೇವಿಯನ್ ಬಿಟ್ಟುಕೊಟ್ಟ. ಡಿಸೆಂಬರ್ 7ರಂದು ಸಿಸೆರೊನ ತಲೆ ಉರುಳಿತು. ಮೇಲಿನವರ ಹೊಂದಾಣಿಕೆಗೆ ಬಲಿಯಾಗುವವರು ಯಾರು ಎಂಬುದು ಆ ಪಟ್ಟಿಯಲ್ಲಿ ಬರೆದಿತ್ತು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಎರಡು ದಡಗಳಲ್ಲಿ ನಿಂತಿದ್ದ ಸೈನಿಕರು. ಎರಡೂ ಕಡೆ ಸೀಸರನ ಕೈಕೆಳಗೆ ಒಟ್ಟಿಗೆ ಕಾದಾಡಿದ ಹಳಬರಿದ್ದರು. ಒಬ್ಬರನ್ನೊಬ್ಬರು ಇರಿಯುವ ಮನಸ್ಸು ಅವರಿಗಿರಲಿಲ್ಲ. ರಾಜಿಯಾಗಿ ಎಂದು ನಾಯಕರ ಮೇಲೆ ಒತ್ತಡ ಹಾಕಿದ್ದೇ ಅವರು. ರಾಜಿಯಾದ ಮೇಲೆ ಬೀಗತನವೂ ಆಗಲಿ ಎಂದು ಆಂಟನಿಯ ಮಲಮಗಳನ್ನು ಆಕ್ಟೇವಿಯನ್ ತಂದುಕೊಳ್ಳುವಂತೆ ಮಾಡಿದ್ದೂ ಅವರೇ. ಕ್ರಿ.ಪೂ. 40ರಲ್ಲಿ ಇಬ್ಬರೂ ಮತ್ತೆ ಮುಖ ತಿರುಗಿಸಿ ಬ್ರುಂಡಿಸಿಯಂ ಬಂದರಿನಲ್ಲಿ ಎದುರುಬದುರಾದಾಗ, ಸೈನಿಕರು ನಾವು ಹೊಡೆದಾಡುವುದಿಲ್ಲ ಎಂದುಬಿಟ್ಟರು. ನಾಯಕರು ಒಪ್ಪಂದಕ್ಕೆ ಬರಲೇಬೇಕಾಯಿತು. ಆಕ್ಟೇವಿಯನ್ನನ ಅಕ್ಕ ಆಕ್ಟೇವಿಯಾಳನ್ನು ಆಂಟನಿ ಮದುವೆಯಾದ. ಕೆಳಗಿನವರು ಬೇಕೆಂದ ಮೈತ್ರಿ ಅದು. ಬಿರುಕು ಬಿಟ್ಟರೂ, ಲೆಪಿಡಸ್ ಮೂಲೆಗುಂಪಾದರೂ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದಲ್ಲ ಒಂದು ರೂಪದಲ್ಲಿ ನಿಂತಿತು. ಕೊನೆಗೆ ಅದು ಮುರಿದು ಕ್ರಿ.ಪೂ. 31ರ ಆಕ್ಟಿಯಂ ಕದನಕ್ಕೆ ಹೋಗಿ ಮುಟ್ಟಿತು.

ಅಷ್ಟು ದೂರವೇಕೆ, ನಮ್ಮ ಕಾವೇರಿಯ ದಡದಲ್ಲೇ ಮೂವರ ಕೂಟವೊಂದು ಕಟ್ಟಿ ಕುಸಿದಿದೆ. ಚುಂಚನಕಟ್ಟೆಯಲ್ಲಿ ಧುಮುಕುವ ಹೊಳೆ ಅದಕ್ಕೂ ಮೊದಲು ಕೊಣನೂರು, ರಾಮನಾಥಪುರಗಳನ್ನು ಹಾದು ಬರುತ್ತದೆ. ಆ ಕೊಣನೂರಿಗೆ 1760ರ ದಶಕದ ಆರಂಭದಲ್ಲಿ ಒಬ್ಬ ಸೋತ ಸರದಾರ ಕೆಲವು ಸವಾರರೊಂದಿಗೆ ಬಂದ. ಅವನ ಹೆಸರು ಹೈದರಾಲಿ.

ಮೈಸೂರಿನ ಸಿಂಹಾಸನದಲ್ಲಿ ಆಗ ಇಮ್ಮಡಿ ಕೃಷ್ಣರಾಜ ಒಡೆಯರು. ಆಳ್ವಿಕೆ ಮಾತ್ರ ಕಳಲೆಯ ಅಣ್ಣತಮ್ಮಂದಿರ ಕೈಯಲ್ಲಿತ್ತು. ಅಣ್ಣ ದಳವಾಯಿ ದೇವರಾಜಯ್ಯ, ತಮ್ಮ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ. ಅವರಿಬ್ಬರಲ್ಲೇ ಮುನಿಸು ಬಂತು. ಸಂಬಳವಿಲ್ಲದ ಸೈನಿಕರು ಬಾಗಿಲಿಗೆ ಬಂದು ಧರಣಿ ಕೂತರು. ಲೆಕ್ಕಪತ್ರ ಬಲ್ಲ ಖಂಡೇರಾಯನನ್ನು ಜೊತೆಗಿಟ್ಟುಕೊಂಡ ಹೈದರ್ ಅಣ್ಣತಮ್ಮಂದಿರನ್ನು ಕೂಡಿಸಿದ, ಸೈನಿಕರ ಬಾಕಿ ತೀರಿಸಿದ. 1758ರಲ್ಲಿ ದೇವರಾಜಯ್ಯ ತೀರಿಕೊಂಡರು. ಆಮೇಲೆ ಅದೇ ಧರಣಿಯ ಅಸ್ತ್ರವನ್ನು ಹೈದರ್ ನಂಜರಾಜಯ್ಯನ ಮೇಲೆಯೇ ತಿರುಗಿಸಿದ. ಅರಮನೆಯವರು, ಖಂಡೇರಾಯ, ಹೈದರ್ ಒಂದಾದರು. ಸರ್ವಾಧಿಕಾರಿ ಅಧಿಕಾರ ಬಿಟ್ಟು, ಕೊನೆಗೆ ಕೊಣನೂರಿಗೆ ಬಂದು ನೆಲೆಸಿದರು. ಹೆಚ್ಚು ಕಾಲ ಕಳೆಯುವ ಮೊದಲೇ ಖಂಡೇರಾಯ ಅರಮನೆಯವರ ಜೊತೆ ಸೇರಿ ಹೈದರನ ಮೇಲೆಯೇ ಫಿರಂಗಿ ಹಾರಿಸಿದ. ಓಡಿ ಜೀವ ಉಳಿಸಿಕೊಂಡ ಹೈದರ್ ಬಂದು ಕಾಲಿಗೆ ಬಿದ್ದದ್ದು ತಾನೇ ಇಳಿಸಿದ್ದ ನಂಜರಾಜಯ್ಯನ ಮುಂದೆ. ಮುದಿ ಸರ್ವಾಧಿಕಾರಿ ಕ್ಷಮಿಸಿದರು; ತಮ್ಮ ಸೈನ್ಯ ಕೊಟ್ಟರು, ತಮ್ಮ ಹೆಸರು ಕೊಟ್ಟರು. ಆ ಹೆಸರಿನಲ್ಲಿ ಹುಟ್ಟಿಸಿದ ಕಾಗದಗಳೇ ಖಂಡೇರಾಯನ ಧೈರ್ಯ ಕೆಡಿಸಿ ಓಡಿಸಿದವು. 1761ರಲ್ಲಿ ಹೈದರ್ ಶ್ರೀರಂಗಪಟ್ಟಣದ ಒಡೆತನ ಹಿಡಿದ. ಖಂಡೇರಾಯನನ್ನು ಗಿಳಿಯ ಹಾಗೆ ಸಾಕುತ್ತೇನೆಂದು ಅರಮನೆಯ ಹೆಂಗಸರಿಗೆ ಮಾತು ಕೊಟ್ಟು ಪಂಜರದಲ್ಲಿಟ್ಟು ಹಾಲು ಅನ್ನ ಹಾಕಿಸಿದ ಎಂಬ ಕಥೆಯನ್ನು ಈ ಸೀಮೆಯ ಹಿರಿಯರು ಈಗಲೂ ಹೇಳುತ್ತಾರೆ. ನಂಜರಾಜಯ್ಯನವರಿಗೆ ಕೊಟ್ಟ ಮಾತು ನಿಲ್ಲಲಿಲ್ಲ. ಕೆಲವು ವರ್ಷಗಳಲ್ಲಿ ಅವರೂ ಶ್ರೀರಂಗಪಟ್ಟಣದಲ್ಲಿ ಕಾವಲಿನಲ್ಲಿದ್ದು ಅಲ್ಲಿಯೇ ಕಣ್ಣುಮುಚ್ಚಿದರು.

ಇಲ್ಲಿಯೂ ನಾನು ನೋಡುವುದು ಆ ಧರಣಿ ಕೂತ ಸೈನಿಕನನ್ನು. ಯಾರ ಕಡೆ ಅವನು ಹೊರಳುತ್ತಾನೋ ಅವರ ಹೊಂದಾಣಿಕೆ ನಡೆಯಿತು, ಉಳಿದದ್ದು ಮುರಿಯಿತು. ಇಂದಿನ ಹಳ್ಳಿಯಲ್ಲಿ ಅವನ ಜಾಗದಲ್ಲಿ ಬೂತ್ ಏಜೆಂಟ್ ಕೂತಿದ್ದಾನೆ.

ಇನ್ನು 2019ರ ಬೇಸಿಗೆಗೆ ಬರೋಣ. ಕೆ.ಆರ್. ನಗರ ಕ್ಷೇತ್ರಕ್ಕೆ ಒಂದು ವಿಶೇಷವಿದೆ: ಜಿಲ್ಲೆ ಮೈಸೂರು, ಲೋಕಸಭಾ ಸದಸ್ಯರು ಮಾತ್ರ ಮಂಡ್ಯದವರು. ಮಂಡ್ಯ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಜೊತೆ ಎಂಟನೆಯದಾಗಿ ಕೆ.ಆರ್. ನಗರ ಸೇರುತ್ತದೆ. 2018ರ ವಿಧಾನಸಭೆಯಲ್ಲಿ ಈ ಎಂಟಕ್ಕೆ ಎಂಟನ್ನೂ ದಳ ಗೆದ್ದಿತ್ತು. ಅದೇ ವರ್ಷ ನವೆಂಬರಿನ ಉಪಚುನಾವಣೆಯಲ್ಲಿ ಕಾಂಗ್ರೆಸ್ ಬೆಂಬಲದ ದಳದ ಅಭ್ಯರ್ಥಿ ಎಲ್.ಆರ್. ಶಿವರಾಮೇಗೌಡ ಬಿಜೆಪಿಯನ್ನು 3,24,943 ಮತಗಳಿಂದ ಮಣಿಸಿದ್ದರು. ಮೈತ್ರಿ ಗಟ್ಟಿಯಾಗಿದೆ ಎಂದು ಎರಡೂ ಪಕ್ಷಗಳ ಮುಖಂಡರು ನಂಬಲು ಆ ಅಂಕಿಯೇ ಸಾಕಾಗಿತ್ತು. ಆದರೆ ಆ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಮತದಾರನಿಗೆ ಹೋಗಲು ಬೇರೆ ಬಾಗಿಲೇ ಇರಲಿಲ್ಲ.

ಬಾಗಿಲು ತೆರೆದುಕೊಂಡದ್ದು ಆಮೇಲೆ. ನವೆಂಬರ್ 24ರಂದು ಅಂಬರೀಷ್ ತೀರಿಕೊಂಡರು; ಮಂಡ್ಯದಿಂದ ಕಾಂಗ್ರೆಸ್ ಸಂಸದರಾಗಿ, ಶಾಸಕರಾಗಿ ಗೆದ್ದವರು ಅವರು. ಅವರ ಪತ್ನಿ ಸುಮಲತಾ ಕಾಂಗ್ರೆಸ್ ಟಿಕೆಟ್ ಕೇಳಿದರು. ಸೀಟು ಹಂಚಿಕೆಯಲ್ಲಿ ಮಂಡ್ಯ ದಳಕ್ಕೆ ಹೋಗಿತ್ತು, ಮುಖ್ಯಮಂತ್ರಿಯ ಮಗ ನಿಖಿಲ್ ಅಭ್ಯರ್ಥಿ. ಸುಮಲತಾ ಪಕ್ಷೇತರರಾಗಿ, ಕಹಳೆ ಊದುವ ಮನುಷ್ಯನ ಗುರುತು ಹಿಡಿದು ನಿಂತರು. ಬಿಜೆಪಿ ತನ್ನ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು.

ಆ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಈ ಸೀಮೆಯನ್ನು ಕಂಡವರು ಮರೆಯಲಾರರು. ಸುಮಲತಾ ಪರವಾಗಿ ನಟರಾದ ದರ್ಶನ್, ಯಶ್ ತೆರೆದ ವಾಹನದಲ್ಲಿ ಬಂದರೆ ಬಿಸಿಲನ್ನು ಲೆಕ್ಕಿಸದೆ ಮಾಳಿಗೆ, ಮರ, ಟ್ರ್ಯಾಕ್ಟರಿನ ತುದಿಯೆಲ್ಲ ಜನ. ಜನರ ಬಾಯಲ್ಲಿ ಅವರು ‘ಜೋಡೆತ್ತು’ಗಳಾದರು. ಆ ಮೆರವಣಿಗೆಗಳಲ್ಲಿ ಕಾಂಗ್ರೆಸ್ಸಿನ ಬಾವುಟವೂ ಹಾರುತ್ತಿತ್ತು. ಪಕ್ಷದ ಅಧಿಕೃತ ಅಭ್ಯರ್ಥಿ ನಿಖಿಲ್, ಪಕ್ಷದ ಬಾವುಟ ಮಾತ್ರ ಸುಮಲತಾ ಹಿಂದೆ! ಇನ್ನೊಂದು ಕಡೆ ದಳದವರ ಪಾದಯಾತ್ರೆ, ಊರೂರಿಗೆ ಮುಖ್ಯಮಂತ್ರಿಯ ಭೇಟಿ, ಸೇಬಿನ ಹಾರ, ಹೂವಿನ ಮಳೆ. ಏಪ್ರಿಲ್ 13ರಂದು ಕೆ.ಆರ್. ನಗರದಲ್ಲೇ ಎರಡೂ ಪಕ್ಷಗಳ ಜಂಟಿ ಸಮಾವೇಶ. ರಾಹುಲ್ ಗಾಂಧಿ ಬಂದು ದಳದ ಮುಖಂಡರ ಜೊತೆ ಒಂದೇ ವೇದಿಕೆಯಲ್ಲಿ ನಿಂತು ನಿಖಿಲ್‌ಗೆ ಮತ ಕೇಳಿದರು. ವೇದಿಕೆಯ ಮೇಲೆ ಎರಡು ಬಗೆಯ ಶಲ್ಯಗಳು ಬೆರೆತಿದ್ದವು.

ವೇದಿಕೆಯ ಕೆಳಗೆ ಶಲ್ಯ ಬೆರೆಯಲಿಲ್ಲ. ಹಿಂದಿನ ಮೇ ತಿಂಗಳಲ್ಲಿ ಮನೆಯ ಮುಂದೆ ಪಟಾಕಿ ಹಚ್ಚಿಸಿಕೊಂಡವನು ಈ ಏಪ್ರಿಲಿನಲ್ಲಿ ತೆನೆ ಹೊತ್ತ ಮಹಿಳೆಗೆ ಮತ ಕೇಳಲು ಯಾವ ಬಾಯಲ್ಲಿ ಹೋದಾನು? ಅವನ ಮನೆಗೆ ಬಂದು ಒಂದು ಮಾತು ಆಡಿದವರಿಲ್ಲ. ಪಂಚಾಯಿತಿಯಲ್ಲಿ ಅವನ ವಾರ್ಡಿನ ಚರಂಡಿ ಹಾಗೇ ಉಳಿದಿದೆ. ಕೋರ್ಟಿನ ವಾಯಿದೆ ಹಾಗೇ ಇದೆ. ನಮ್ಮ ಕಡೆ ‘ಒಳೇಟು’ ಎಂದು ಕರೆಯುವ ಕೆಲಸ ಶುರುವಾಯಿತು: ಹಗಲು ಒಂದು ಶಲ್ಯ, ರಾತ್ರಿ ಇನ್ನೊಂದು ಮನೆಯ ಮಾತುಕತೆ. ಇದನ್ನು ನಾನು ದ್ರೋಹವೆಂದು ಕರೆಯಲಾರೆ. ಹತ್ತು ಹದಿನೈದು ವರ್ಷ ನಾಯಕರೇ ಕಲಿಸಿದ ಜಗಳವನ್ನು ಒಂದು ಮಧ್ಯಾಹ್ನದಲ್ಲಿ ಮರೆಯಿರಿ ಎಂದರೆ ಮನುಷ್ಯನಿಂದ ಆಗುವುದಿಲ್ಲ. ಮೈಸೂರು ಕ್ಷೇತ್ರದಲ್ಲಿ ಅದೇ ಮುನಿಸು ತಿರುಗಿ ನಿಂತಿತು; ಅಲ್ಲಿ ಅಭ್ಯರ್ಥಿ ಕಾಂಗ್ರೆಸ್ಸಿನ ಸಿ.ಎಚ್. ವಿಜಯಶಂಕರ್, ಮನಸ್ಸಿಲ್ಲದೆ ಕೂತವರು ದಳದ ಕಾರ್ಯಕರ್ತರು.

ಏಪ್ರಿಲ್ 18ರಂದು ಮತದಾನ. ಮಂಡ್ಯ ಕ್ಷೇತ್ರದಲ್ಲಿ ಶೇ 80ರಷ್ಟು ಜನ ಮತ ಹಾಕಿದರು. ಎಣಿಕೆ ಮೇ 23ರಂದು, ಕುಮಾರಸ್ವಾಮಿ ಪ್ರಮಾಣ ಸ್ವೀಕರಿಸಿ ಸರಿಯಾಗಿ ಒಂದು ವರ್ಷದ ದಿನ. ಸುಮಲತಾ 1,25,876 ಮತಗಳಿಂದ ಗೆದ್ದರು. ಆರೇ ತಿಂಗಳ ಹಿಂದೆ ಮೈತ್ರಿ ಮೂರು ಲಕ್ಷಕ್ಕೂ ಮಿಕ್ಕಿದ ಅಂತರದಲ್ಲಿ ಗೆದ್ದಿದ್ದ ಕ್ಷೇತ್ರ ಅದು. ಮೈಸೂರಿನಲ್ಲಿ ವಿಜಯಶಂಕರ್ ಸೋತರು. ತುಮಕೂರಿನಲ್ಲಿ ದೇವೇಗೌಡರೇ ಸೋತರು. ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿ 25 ಗೆದ್ದಿತು. 21 ಕಡೆ ನಿಂತ ಕಾಂಗ್ರೆಸ್ಸಿಗೆ ಒಂದು, 7 ಕಡೆ ನಿಂತ ದಳಕ್ಕೆ ಒಂದು. ದೇಶದ ಗಾಳಿಯೂ ಅದಕ್ಕೆ ಕಾರಣ, ನಿಜ. ಆದರೆ ಮಂಡ್ಯದಲ್ಲಿ ಕಮಲದ ಗುರುತೇ ಮತಯಂತ್ರದಲ್ಲಿರಲಿಲ್ಲ.

ಸರ್ಕಾರ ಉರುಳಿದ ಕಥೆಯಲ್ಲಿಯೂ ಈ ನೆಲದ ಒಬ್ಬರಿದ್ದಾರೆ. ಕೆ.ಆರ್. ನಗರ ತಾಲ್ಲೂಕಿನ ಅಡಗೂರಿನ ಎಚ್. ವಿಶ್ವನಾಥ್, ಈ ಕ್ಷೇತ್ರದಿಂದ 1978, 1989, 1999ರಲ್ಲಿ ಗೆದ್ದ ಹಳೆಯ ಕಾಂಗ್ರೆಸ್ಸಿಗ. 2006ರಲ್ಲಿ ಸಿದ್ದರಾಮಯ್ಯನವರನ್ನು ಕಾಂಗ್ರೆಸ್ಸಿಗೆ ಕರೆತಂದವರಲ್ಲಿ ಒಬ್ಬರು. ಅದೇ ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದಾಗ ಮುನಿಸಿಕೊಂಡು 2017ರಲ್ಲಿ ದಳಕ್ಕೆ ಹೋದರು, ಹುಣಸೂರಿನಿಂದ ಗೆದ್ದರು, ದಳದ ರಾಜ್ಯಾಧ್ಯಕ್ಷರಾದರು. 2019ರ ಜುಲೈ 6ರಂದು ಅತೃಪ್ತ ಶಾಸಕರ ಗುಂಪಿನೊಂದಿಗೆ ಅವರೂ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಜುಲೈ 23ರಂದು ವಿಶ್ವಾಸಮತ ಬಿತ್ತು, 99ಕ್ಕೆ 105. ಹದಿನಾಲ್ಕು ತಿಂಗಳ ಸರ್ಕಾರ ಮುಗಿಯಿತು. ವಿಶ್ವನಾಥ್, ಮಹೇಶ್ ಇಬ್ಬರ ನಡುವಿನ ಆರೋಪ ಪ್ರತ್ಯಾರೋಪ ಎಷ್ಟಕ್ಕೆ ಹೋಯಿತೆಂದರೆ, ಆ ಅಕ್ಟೋಬರಿನಲ್ಲಿ ಆಣೆ ಪ್ರಮಾಣದ ಸವಾಲು ಹಾಕಿಕೊಂಡು ಇಬ್ಬರೂ ಒಂದೇ ದಿನ ಚಾಮುಂಡಿ ಬೆಟ್ಟ ಹತ್ತಿದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತ ವಿಶ್ವನಾಥ್ ಹುಣಸೂರಿನಲ್ಲಿ ಸೋತರು, ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಗೆದ್ದರು. ಅದೇ ದಿನ ರಾಜ್ಯದ ಹದಿನೈದು ಉಪಚುನಾವಣೆಗಳಲ್ಲಿ ಹನ್ನೆರಡನ್ನು ಬಿಜೆಪಿ ಗೆದ್ದಿತ್ತು. ಹುಣಸೂರು ಒಪ್ಪಲಿಲ್ಲ.

ಹೀಗೆಂದು ಮೈತ್ರಿಯೆಲ್ಲ ಸುಳ್ಳು ಎಂದು ತೀರ್ಮಾನಿಸಲೂ ಆಗದು. 2023ರ ಸೆಪ್ಟೆಂಬರಿನಲ್ಲಿ ದಳ ಬಿಜೆಪಿಯ ಕೂಟ ಸೇರಿತು. 2024ರ ಲೋಕಸಭಾ ಚುನಾವಣೆಯಲ್ಲಿ, ಮಗ ಸೋತಿದ್ದ ಇದೇ ಮಂಡ್ಯದಿಂದ ಕುಮಾರಸ್ವಾಮಿ 2,84,620 ಮತಗಳಿಂದ ಗೆದ್ದು ಕೇಂದ್ರ ಸಚಿವರಾದರು. ಇದನ್ನು ಭೇರ್ಯದ ಬೆಂಚಿನಿಂದ ನೋಡಿದರೆ ಅಚ್ಚರಿಯಿಲ್ಲ. ಈ ಹಳ್ಳಿಗಳಲ್ಲಿ ದಳದವನಿಗೂ ಬಿಜೆಪಿಯವನಿಗೂ ಜಮೀನಿನ ಬದುವಿನ ಜಗಳವಿಲ್ಲ. ಡೇರಿಯಲ್ಲಿ, ಸೊಸೈಟಿಯಲ್ಲಿ ಇಬ್ಬರೂ ಎದುರಾಳಿಗಳಾಗಿ ಬೆಳೆದವರಲ್ಲ, ಇಬ್ಬರ ಎದುರಾಳಿಯೂ ಒಬ್ಬನೇ. ಬ್ರುಂಡಿಸಿಯಂನ ಸೈನಿಕರ ಹಾಗೆ ಕೆಳಗಿನವರಿಗೆ ಇರಿಯುವ ಕಾರಣವಿರಲಿಲ್ಲ, ಮೇಲಿನ ಒಪ್ಪಂದ ನಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಚನ್ನಪಟ್ಟಣದ ಉಪಚುನಾವಣೆ ಬಂತು. ಅಲ್ಲಿ ಬಿಜೆಪಿಯ ಸಿ.ಪಿ. ಯೋಗೇಶ್ವರ ದಳದ ಹಳೆಯ ಸ್ಥಳೀಯ ಎದುರಾಳಿ. ಟಿಕೆಟ್ ದಳಕ್ಕೆ ಹೋಗುತ್ತದೆಂದಾಗ ಅವರು ಕಾಂಗ್ರೆಸ್ ಸೇರಿ ನಿಖಿಲ್ ಅವರನ್ನು 25,413 ಮತಗಳಿಂದ ಸೋಲಿಸಿದರು. ಕೂಟ ಅದೇ, ಮುಖಂಡರು ಅವರೇ, ಊರು ಬೇರೆ.

ಬೀದಿಯಲ್ಲಿ ಜಗಳವಿಲ್ಲದ ಕಡೆ ನಾಯಕರ ಕೈಕುಲುಕು ನಿಲ್ಲುತ್ತದೆ. ಜಗಳವಿರುವ ಕಡೆ, ಆ ಜಗಳ ತೀರಿಸದೆ ಮಾಡಿಕೊಂಡ ಹೊಂದಾಣಿಕೆ ಮೊದಲ ಚುನಾವಣೆಯಲ್ಲೇ ಬೀಳುತ್ತದೆ. 2018ರಿಂದ 2024ರವರೆಗೆ ಕೆ.ಆರ್. ನಗರ, ಹುಣಸೂರು, ಚಾಮುಂಡೇಶ್ವರಿಗಳಲ್ಲಿ ಕಂಡದ್ದು ಇಷ್ಟು. ನಾಳೆ ಯಾವ ಎರಡು ಪಕ್ಷ ಕೂಡಿದರೂ ಈ ದಾರಿಯಲ್ಲೇ ಮತ ಕೇಳಲು ಬರಬೇಕು.

ಆದ್ದರಿಂದ ಮುಖಂಡರಲ್ಲಿ ಒಂದು ವಿನಂತಿ. ಮುಂದಿನ ಸಲ ಕೈ ಕೂಡಿಸುವ ಮೊದಲು ಸಮನ್ವಯ ಸಮಿತಿಯ ಮೊದಲ ಸಭೆಯನ್ನು ಬೆಂಗಳೂರಿನ ಹೋಟೆಲಿನಲ್ಲಿ ಕರೆಯಬೇಡಿ, ಭೇರ್ಯದಂಥ ಊರಿನಲ್ಲಿ ಕರೆಯಿರಿ. ಎರಡೂ ಕಡೆಯ ಬೂತ್ ಏಜೆಂಟರನ್ನು ಎದುರುಬದುರು ಕೂರಿಸಿ. ರಾಜಿಯಾಗಬಹುದಾದ ಕೇಸುಗಳನ್ನು ಅಲ್ಲೇ ರಾಜಿ ಮಾಡಿಸಿ. ನಿಂತುಹೋದ ವಾರ್ಡಿನ ಕೆಲಸಕ್ಕೆ ಎರಡೂ ಕಡೆಯವರ ಎದುರಲ್ಲಿ ದಿನ ಗೊತ್ತುಮಾಡಿ. ಆಮೇಲೆ ಅವರನ್ನು ಕೇಳಿ, ಒಟ್ಟಿಗೆ ಹೋಗಿ ಮತ ಕೇಳುತ್ತೀರಾ ಎಂದು. ಅವರು ಹೂಂ ಎಂದರೆ ವಿಧಾನಸೌಧದ ಮುಂದೆ ಶಾಮಿಯಾನ ಹಾಕಿಸಿ. ಇಲ್ಲ ಎಂದರೆ ಆ ಮೈತ್ರಿ ಮಾಡಬೇಡಿ.